ಹೆಗಲು ಹುಣ್ಣಾದರೆ ನೊಗ ನೋಡಬೇಕು

ಎಲ್ಲರಿಗೂ ನಮಸ್ಕಾರ. ದಾವಣಗೆರೆಯ ಈ ಬಿಸಿಲಲ್ಲಿ, ಅದೂ ಭಾನುವಾರ, ಇಷ್ಟು ಜನ ಬಂದಿದ್ದೀರಿ. ಸಂತೋಷ. ನಿಮ್ಮ ಅಧ್ಯಕ್ಷರು ಫೋನ್ ಮಾಡಿದಾಗ, "ನೌಕರರಿಗೆ ಬೆನ್ನುನೋವಿಗೆ ನಾಲ್ಕು ವ್ಯಾಯಾಮ ಹೇಳಿಕೊಟ್ಟರೆ ಸಾಕು ಮೇಡಂ" ಅಂದಿದ್ದರು. ಹೇಳಿಕೊಡುತ್ತೇನೆ, ಹೊತ್ತು ಉಳಿದರೆ. ಅದಕ್ಕಿಂತ ಮೊದಲು ಹೇಳಬೇಕಾದ ಮಾತೊಂದಿದೆ. ಒಬ್ಬ ಫಿಸಿಯೋಥೆರಪಿಸ್ಟ್ ಆಗಿ ಅದನ್ನು ಹೇಳೋಕೇ ನಾನು ಬಂದಿರೋದು.

ನಮ್ಮಪ್ಪ ಚಳ್ಳಕೆರೆ ಕಡೆ ಮಳೆ ನಂಬಿ ಶೇಂಗಾ ಬೆಳೆದವರು. ನಾನು ಚಿಕ್ಕವಳಿದ್ದಾಗ ಒಂದು ಸಂಜೆ, ಎತ್ತು ಬಿಚ್ಚುವಾಗ ಎಡಗಡೆ ಎತ್ತಿನ ಹೆಗಲ ಮೇಲೆ ರಕ್ತ ಕಂಡಿತು. ಅಪ್ಪ ಅದರ ಮೈ ಸವರಿ, ಅರಿಶಿನ ಎಣ್ಣೆ ಹಚ್ಚಿದರು. ಆಮೇಲೆ ಸೀದಾ ಹೋಗಿ ನೊಗ ಎತ್ತಿ ಮೊಣಕಾಲ ಮೇಲೆ ಇಟ್ಟುಕೊಂಡು, ಅದರ ಕೆಳಮೈ ಮೇಲೆ ಅಂಗೈ ಆಡಿಸುತ್ತಾ ಹೋದರು. ಒಂದು ಕಡೆ ಸಿಬಿರು ಎದ್ದಿತ್ತು. ಮಾರನೇ ದಿನ ಎತ್ತು ಕೊಟ್ಟಿಗೆಯಲ್ಲಿ, ನೊಗ ಬಡಗಿ ಮನೆಯಲ್ಲಿ. ಎತ್ತಿಗೆ ಯಾರೂ ಬುದ್ಧಿ ಹೇಳಲಿಲ್ಲ.

ನಮ್ಮ ಕಚೇರಿಗಳಲ್ಲಿ ಏನಾಗುತ್ತದೆ? ಕತ್ತು ನೋವು ಅಂದರೆ "ನೆಟ್ಟಗೆ ಕೂತ್ಕೊಳ್ರೀ". ಸೊಂಟ ನೋವು ಅಂದರೆ "ಯೋಗ ಮಾಡ್ರೀ, ತೂಕ ಇಳಿಸ್ರೀ". ಯೋಗ ಒಳ್ಳೇದು. ವಾಕಿಂಗ್ ಇನ್ನೂ ಒಳ್ಳೇದು, ನಾನೇ ದಿನಾ ಬರೆದುಕೊಡುತ್ತೇನೆ. ಆದರೆ ಬೆಳಿಗ್ಗೆ ಅರ್ಧ ಗಂಟೆ ಹದ ಮಾಡಿಕೊಂಡ ಬೆನ್ನನ್ನು ಆಮೇಲೆ ಎಂಟು ಗಂಟೆ ಅದೇ ಕುರ್ಚಿ ಕೆಡಿಸಿದರೆ? ನೊಗ ಹಾಗೇ ಇದೆಯಲ್ಲ!

ಒಬ್ಬ ಹೆಣ್ಣುಮಗಳ ಕಥೆ ಹೇಳುತ್ತೇನೆ. ಹೆಸರು ಬೇಡ, ಯಾವ ಕಚೇರಿ ಅನ್ನೋದೂ ಬೇಡ. ಕೌಂಟರಿನಲ್ಲಿ ಕೂತು ಕೆಲಸ ಮಾಡುವವರು. ಎತ್ತರ ನಾಲ್ಕು ಅಡಿ ಹತ್ತು ಇಂಚು. ನನ್ನ ಹತ್ತಿರ ಬರುವಷ್ಟರಲ್ಲಿ ಸ್ಕ್ಯಾನಿಂಗ್ ಆಗಿತ್ತು, ಬೆಲ್ಟ್ ಆಗಿತ್ತು, ಎಣ್ಣೆ ತಿಕ್ಕಿಸಿದ್ದಾಗಿತ್ತು, ಉಚ್ಚಂಗೆಮ್ಮನಿಗೆ ಹರಕೆಯೂ ಆಗಿತ್ತು. ಸೊಂಟ ನೋವು, ಸಂಜೆಯಾದರೆ ಪಾದ ಊತ, ಕಾಲು ಜೋಮು. ನಾನೂ ಮೂರು ವಾರ ಚಿಕಿತ್ಸೆ ಕೊಟ್ಟೆ. ಭಾನುವಾರ ಹಗುರ, ಬುಧವಾರದ ಹೊತ್ತಿಗೆ ಮತ್ತೆ ಅದೇ.

ಇಟಲಿಯಲ್ಲಿ ರಮಾಜಿನಿ ಅಂತ ಒಬ್ಬ ವೈದ್ಯರಿದ್ದರು. 1713ರಲ್ಲೇ ಅವರು ಬರೆದಿಟ್ಟಿದ್ದಾರೆ: ಗುಮಾಸ್ತರ ಕಾಯಿಲೆಗೆ ಕಾರಣ ಮೂರು. ಸದಾ ಕೂತೇ ಇರೋದು, ಕೈ ಒಂದೇ ರೀತಿ ಆಡ್ತಾ ಇರೋದು, ತಪ್ಪಾಗಬಾರದಲ್ಲ ಅನ್ನೋ ಮನಸ್ಸಿನ ಬಿಗಿ. ಮುನ್ನೂರು ವರ್ಷದ ಹಿಂದಿನ ಮಾತು, ನಿಮ್ಮ ತಿಂಗಳ ಕೊನೆಯ ಲೆಕ್ಕದ ದಿನ ನೋಡಿ ಬರೆದ ಹಾಗಿದೆ, ಅಲ್ವಾ? ರೋಗಿ ಬಂದರೆ "ನಿನ್ನ ಕೆಲಸ ಏನು" ಅಂತ ಕೇಳಿ ಅಂತಲೂ ಅವರು ವೈದ್ಯರಿಗೆ ಹೇಳಿದ್ದರು. ನಾನು ಕೇಳಿದ್ದೆ. ಆದರೆ ಹೋಗಿ ನೋಡಿರಲಿಲ್ಲ. ಒಂದು ಶನಿವಾರ ಹೋದೆ.

ಹೊರಗೆ ನಿಂತ ಜನರಿಗೆ ಅಂತ ಕಟ್ಟಿದ ಎತ್ತರದ ಕೌಂಟರ್. ಆ ಎತ್ತರಕ್ಕೆ ಮುಖ ಕಾಣಬೇಕು ಅಂತ ಕುರ್ಚಿಯನ್ನು ಪೂರ್ತಿ ಏರಿಸಿದ್ದಾರೆ. ಕಾಲಿಡುವ ರಿಂಗು ಯಾವತ್ತೋ ಮುರಿದುಹೋಗಿದೆ. ನಾನು ಬಗ್ಗಿ ಕೆಳಗೆ ನೋಡಿದೆ. ಆಕೆಯ ಎರಡೂ ಕಾಲು ಗಾಳಿಯಲ್ಲಿ ತೂಗುತ್ತಿದ್ದವು. ಒಂದು ಚಪ್ಪಲಿ ಹೆಬ್ಬೆರಳ ತುದಿಗೆ ಸಿಕ್ಕಿಕೊಂಡಿತ್ತು, ಇನ್ನೊಂದು ನೆಲಕ್ಕೆ ಬಿದ್ದಿತ್ತು. ಕಾಲಿರಬೇಕಾದ ಜಾಗದಲ್ಲಿ ಕಂಪ್ಯೂಟರಿನ ಸಿಪಿಯು ಡಬ್ಬ. ಅದರಿಂದ ಮೊಣಕಾಲು ಎಡಕ್ಕೆ, ಮುಖ ಬಲಕ್ಕೆ. ದಿನಾ ಎಂಟು ಗಂಟೆ, ಹನ್ನೊಂದು ವರ್ಷ. ಎದ್ದು ನಿಂತಾಗ ತೊಡೆಯ ಹಿಂದೆ ಕೈಯಿಟ್ಟು ತೋರಿಸಿದರು, ಕುರ್ಚಿಯ ಅಂಚು ಒತ್ತಿ ಒತ್ತಿ ಅಲ್ಲೊಂದು ಗೆರೆಯೇ ಮೂಡಿದೆ ಅಂತ.

ಮ್ಯಾನೇಜರ್ ಒಳ್ಳೆಯವರು. "ಕುರ್ಚಿ ಎಲ್ಲ ಮೇಲಿನಿಂದ ಬರ್ತವೆ ಮೇಡಂ, ನಮ್ಮ ಕೈಲೇನಿಲ್ಲ" ಅಂದರು. ಕುರ್ಚಿ ಬೇಡ ಸರ್, ಆ ಡಬ್ಬ ಒಂದು ಸರಿಸಿಕೊಡಿ ಅಂದೆ. ವೈರು ಉದ್ದ ಸಾಲದು ಅಂದರು. ಹೊಸ ವೈರು ತಂದು ಸರಿಸೋಕೆ ಕಾಲು ಗಂಟೆ ಹಿಡಿಯಿತು. ಸೋಮವಾರ ಆಕೆ ಮನೆಯಿಂದ ಎರಡು ಮಣೆ ತಂದರು. ಹಬ್ಬದಲ್ಲಿ ಊಟಕ್ಕೆ ಕೂರುವ ಮಣೆ. ಒಂದರ ಮೇಲೊಂದು ಇಟ್ಟು, ಜಾರದ ಹಾಗೆ ನಡುವೆ ಗೋಣಿತಾಟು ಹಾಕಿದೆವು. ಎರಡೂ ಪಾದ ಊರಿದವು. ಆಕೆ ಒಂದು ನಿಮಿಷ ಮಾತಾಡಲಿಲ್ಲ. ಸುಮ್ನೆ ಕಾಲು ಒತ್ತಿ ಒತ್ತಿ ನೋಡುತ್ತಿದ್ದರು.

ವ್ಯಾಯಾಮ ಬಿಡಿಸಲಿಲ್ಲ ನಾನು. ಆದರೆ ತಿಂಗಳು ಕಳೆದ ಮೇಲೆ ಬಂದು ಹೇಳಿದರು: "ನಿನ್ನೆ ರೊಟ್ಟಿ ನಾನೇ ಬಡಿದೆ ಮೇಡಂ, ಇಪ್ಪತ್ತು." ಆ ಇಪ್ಪತ್ತು ರೊಟ್ಟಿ ನನಗೆ ಯಾವ ಸ್ಕ್ಯಾನಿಂಗ್ ರಿಪೋರ್ಟಿಗಿಂತ ದೊಡ್ಡದು.

ಅದೇ ಕಚೇರಿಯಲ್ಲಿ ಇನ್ನೊಬ್ಬರಿದ್ದರು, ಆರಡಿ ಆಳು. ಅವರದು ಉಲ್ಟಾ ಕಷ್ಟ. ಮಾನಿಟರ್ ಕೆಳಗೆ, ಕತ್ತು ಕೊಕ್ಕರೆ ಥರ ಬಗ್ಗಿಸಬೇಕು. ಮಾನಿಟರ್ ಕೆಳಗೆ ಎ-4 ಕಾಗದದ ಎರಡು ಬಂಡಲ್ ಇಡಿಸಿದೆ. ಅವರಿಗೆ ನಂಬಿಕೆ ಬರಲಿಲ್ಲ. ಮಾರ್ಚ್ ತಿಂಗಳು ಬಂತು, ಪ್ರಿಂಟರಿಗೆ ಕಾಗದ ಸಾಲಲಿಲ್ಲ, ಯಾರೋ ಎರಡೂ ಬಂಡಲ್ ಎಳೆದುಕೊಂಡು ಹೋದರು. ನಾಲ್ಕೇ ದಿನಕ್ಕೆ ಫೋನ್: "ಮೇಡಂ, ಕಾಗದ ಖಾಲಿ, ಕತ್ತು ಹಿಡ್ಕಂಡಿದೆ!" ಈಗ ಅಲ್ಲಿ ಇಟ್ಟಿಗೆ ಇದೆ. ಇಟ್ಟಿಗೆಯ ಮೇಲೆ ಪ್ರಿಂಟ್ ಹಾಕೋಕಾಗಲ್ಲ.

ಇದರ ಒಳಗುಟ್ಟು ಕಷ್ಟದ್ದೇನಲ್ಲ. ನಮ್ಮ ತಲೆಯ ತೂಕ ನಾಲ್ಕೂವರೆ, ಐದು ಕೆಜಿ. ಐದು ಕೆಜಿ ಅಕ್ಕಿ ಚೀಲವನ್ನು ಎದೆಗೆ ಅವಚಿ ಹಿಡಿದರೆ ಮನೆ ತನಕ ನಡೀಬಹುದು. ಕೈ ಚಾಚಿ ಹಿಡಿದುಕೊಳ್ಳಿ, ಎರಡು ನಿಮಿಷಕ್ಕೆ ಕೈ ನಡುಗುತ್ತದೆ. ತಲೆ ಮುಂದಕ್ಕೆ ಬಾಗಿದಾಗ ಕತ್ತಿಗೆ ಆಗೋದು ಅದೇ. 2014ರಲ್ಲಿ ಅಮೆರಿಕದ ಒಬ್ಬ ಬೆನ್ನುಮೂಳೆ ಸರ್ಜನ್ ಲೆಕ್ಕ ಹಾಕಿ ತೋರಿಸಿದರು: 60 ಡಿಗ್ರಿ ಬಾಗಿದರೆ ಕತ್ತಿನ ಮೇಲೆ ಬೀಳುವ ಭಾರ ಸುಮಾರು 27 ಕೆಜಿ. ಇನ್ನು ಬೆನ್ನಿನ ಡಿಸ್ಕ್, ಅಂದರೆ ಬೆನ್ನುಮೂಳೆಯ ಮಣಿಗಳ ನಡುವೆ ಇರುವ ಮೆತ್ತೆ. ದೊಡ್ಡವರ ಡಿಸ್ಕಿನ ಒಳಗೆ ರಕ್ತನಾಳ ಹೋಗಲ್ಲ. ಅದು ಸ್ಪಂಜಿನ ಹಾಗೆ. ಒತ್ತಿ ಬಿಟ್ಟು ಮಾಡಿದರೆ ಮಾತ್ರ ಸುತ್ತಲಿನ ಸಾರ ಹೀರಿಕೊಳ್ಳುತ್ತದೆ. ಹಾಗಾಗಿ ಎಷ್ಟೇ ಒಳ್ಳೆ ಕುರ್ಚಿ ಕೊಡಿ, ಒಂದೇ ಸಮ ಕೂತರೆ ಕೆಡುತ್ತದೆ. ಅರ್ಧ ಗಂಟೆಗೊಮ್ಮೆ ಎದ್ದೇಳಿ. ನೀರು ತರೋಕೆ ಏಳಿ, ಫೈಲ್ ಕೊಡೋಕೆ ಏಳಿ. ಎದ್ದವರನ್ನು ಸಾಹೇಬರು ಗುರಾಯಿಸಬಾರದು, ಅಷ್ಟೇ. ಮುಂದಿನ ಸಾಲಿನಲ್ಲಿ ಸಾಹೇಬರು ಇದ್ದೀರಿ, ಅದಕ್ಕೇ ಹೇಳಿದೆ.

ಈಗ ಮನೆಯಿಂದ ಕೆಲಸ ಮಾಡುವ ಮಕ್ಕಳ ವಿಷಯ. 2020ರ ಮಾರ್ಚಿನಲ್ಲಿ ಬೆಂಗಳೂರಿನಿಂದ ಬ್ಯಾಗ್ ಹಿಡಿದು ಬಂದವರು ಕೆಲವರು ಇವತ್ತಿಗೂ ವಿದ್ಯಾನಗರದಲ್ಲಿ, ಪಿ.ಜೆ. ಬಡಾವಣೆಯಲ್ಲಿ ಅಪ್ಪ ಅಮ್ಮನ ಮನೆಯಲ್ಲೇ ಇದ್ದಾರೆ. ಅಮ್ಮನಿಗೆ ಖುಷಿ, ಮಗ ಮನೇಲಿದ್ದಾನೆ, ಆರಾಮಿದ್ದಾನೆ ಅಂತ. ನನ್ನ ಹತ್ತಿರ ಬಂದ ಒಬ್ಬ ಹುಡುಗ, 27 ವರ್ಷ, ಮಂಚದ ಮೇಲೆ ಚಕ್ಕಂಬಕ್ಕಳ ಹಾಕಿ ದಿಂಬಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಎರಡು ವರ್ಷ ಕಳೆದಿದ್ದ. ಬಲಗೈ ಬೆರಳು ಜುಮ್ಮೆನ್ನುತ್ತವೆ ಅಂತ ಬಂದಿದ್ದ.

ಲ್ಯಾಪ್‌ಟಾಪಿನಲ್ಲಿ ಹುಟ್ಟಿನಿಂದಲೇ ಒಂದು ತೊಡಕಿದೆ. ಪರದೆಗೂ ಕೀಬೋರ್ಡಿಗೂ ಗಂಟು ಹಾಕಿದ್ದಾರೆ. ಕಣ್ಣಿಗೆ ಸರಿಯಾಗಿ ಇಟ್ಟರೆ ಕೈ ಮೇಲಾಗುತ್ತದೆ, ಕೈಗೆ ಸರಿಯಾಗಿ ಇಟ್ಟರೆ ಕತ್ತು ಬಾಗುತ್ತದೆ. ಗಂಟು ಬಿಡಿಸಬೇಕು. ಲ್ಯಾಪ್‌ಟಾಪನ್ನು ನಾಲ್ಕು ದಪ್ಪ ಪುಸ್ತಕದ ಮೇಲೆ ಇಡಿ, ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಬರಲಿ. ಬೇರೆ ಕೀಬೋರ್ಡ್, ಬೇರೆ ಮೌಸ್ ತನ್ನಿ. ಆ ಖರ್ಚು ಯಾರು ಕೊಡಬೇಕು? ಕಂಪನಿ ಕೊಡಬೇಕು. ಆ ಹುಡುಗನ ಹೆಸರಿನ ಒಳ್ಳೆ ಕುರ್ಚಿ ಬೆಂಗಳೂರಿನ ಆಫೀಸಿನಲ್ಲಿ ಧೂಳು ತಿನ್ನುತ್ತಿದೆ, ಅವನ ಮನೆಯಲ್ಲಿ ಪ್ಲಾಸ್ಟಿಕ್ ಕುರ್ಚಿ. ಎತ್ತು ಬೇರೆ ಹೊಲದಲ್ಲಿ ಉತ್ತರೆ ನೊಗ ಬೇಡವಾಗುತ್ತದೆಯೇ?

ನಾನು ಹೊಸದೇನೂ ಕೇಳುತ್ತಿಲ್ಲ. ಬ್ರಿಟನ್ನಿನಲ್ಲಿ 1992ರ ನಿಯಮ ಇದೆ: ದಿನವಿಡೀ ಪರದೆ ಮುಂದೆ ಕೆಲಸ ಮಾಡುವವರ ಕುರ್ಚಿ, ಮೇಜು, ಪರದೆ ಸರಿಯಿದೆಯೇ ಅಂತ ಮಾಲೀಕರೇ ಪರಿಶೀಲಿಸಬೇಕು. ಮನೆಯಿಂದ ಕೆಲಸ ಮಾಡುವವರಿಗೂ ಅದು ಅನ್ವಯ. ನಮ್ಮಲ್ಲೇ 1948ರ ಕಾರ್ಖಾನೆ ಕಾಯ್ದೆಯ 44ನೇ ಸೆಕ್ಷನ್ನು, ನಿಂತು ಕೆಲಸ ಮಾಡುವವರಿಗೆ ಕೂರೋಕೆ ವ್ಯವಸ್ಥೆ ಇರಬೇಕು ಅಂದಿತ್ತು. ಬಟ್ಟೆ ಅಂಗಡಿಯಲ್ಲಿ ದಿನವಿಡೀ ನಿಂತೇ ಇರುವ ಹೆಣ್ಣುಮಕ್ಕಳು ಹೋರಾಡಿದ್ದರಿಂದ 2018ರಲ್ಲಿ ಕೇರಳ, ಆಮೇಲೆ 2021ರಲ್ಲಿ ತಮಿಳುನಾಡು ಕೂರುವ ಹಕ್ಕನ್ನು ಕಾನೂನಿನಲ್ಲೇ ಬರೆದವು. ನಮ್ಮ ದಾವಣಗೆರೆಯಲ್ಲಿ ಬಟ್ಟೆ ಅಂಗಡಿಗಳಿಗೆ ಏನು ಕಮ್ಮಿ? ಮುಂದಿನ ಸಲ ಸೀರೆ ತಗೊಳ್ಳೋಕೆ ಹೋದಾಗ, ಸೀರೆ ಬಿಚ್ಚಿ ತೋರಿಸುವ ಹುಡುಗಿಯ ಹಿಂದೆ ಒಂದು ಸ್ಟೂಲ್ ಇದೆಯಾ ನೋಡಿ. ಇಲ್ಲದಿದ್ದರೆ ಅಂಗಡಿಯವರನ್ನು ಕೇಳಿ. ಗಿರಾಕಿ ಕೇಳಿದರೆ ಅವರು ಕೇಳಿಸಿಕೊಳ್ಳುತ್ತಾರೆ.

ಚೀಟಿ ಬಂತು. ಹತ್ತು ನಿಮಿಷ ಜಾಸ್ತಿಯಾಗಿದೆಯಂತೆ, ಹೊರಗೆ ಎಲೆ ಹಾಕುತ್ತಿದ್ದಾರಂತೆ. ಕಣ್ಣು, ಮಣಿಕಟ್ಟು, ಲೈಟು ಅಂತ ಬರೆದುಕೊಂಡು ಬಂದಿದ್ದೆ. ಒಂದೊಂದು ಮಾತು ಹೇಳಿಬಿಡುತ್ತೇನೆ. ಕಣ್ಣಿಗೆ: 20 ನಿಮಿಷಕ್ಕೊಮ್ಮೆ, 20 ಅಡಿ ದೂರದ ವಸ್ತುವನ್ನು 20 ಸೆಕೆಂಡ್ ನೋಡಿ. ಮಣಿಕಟ್ಟು ಮೇಜಿನ ಅಂಚಿಗೆ ಒತ್ತಬಾರದು. ಕಿಟಕಿ ಬೆಳಕು ಪಕ್ಕದಿಂದ ಬರಲಿ, ಪರದೆ ಹಿಂದಿನಿಂದ ಬೇಡ. ವ್ಯಾಯಾಮ ಇವತ್ತಿಗೆ ಆಗಲಿಲ್ಲ, ಇನ್ನೊಂದು ದಿನ ಕರೆಯಿರಿ, ಬರುತ್ತೇನೆ.

ಒಂದೇ ಕೆಲಸ ಕೊಟ್ಟು ಹೋಗುತ್ತೇನೆ. ಬಾಗಿಲ ಹತ್ತಿರದ ಮೇಜಿನ ಮೇಲೆ ಟೈಲರ್ ಟೇಪು ಇಟ್ಟಿದ್ದೇನೆ, ಒಬ್ಬೊಬ್ಬರು ಒಂದು ತಗೊಳ್ಳಿ. ಎರಡು ಗಂಟೆ ಹಾಕಿಕೊಳ್ಳುವ ರವಿಕೆಗೆ ಅಳತೆ ಕೊಡುತ್ತೇವೆ, ಎಂಟು ಗಂಟೆ ಕೂರುವ ಕುರ್ಚಿಗೆ ಕೊಟ್ಟಿಲ್ಲ. ನಾಳೆ ಕಚೇರಿಗೆ ಹೋಗಿ, ಚಪ್ಪಲಿ ಹಾಕಿಕೊಂಡೇ ನಿಂತು ನೆಲದಿಂದ ಮೊಣಕಾಲ ಹಿಂದಿನ ಮಡಿಕೆಯ ತನಕ ಅಳೆಯಿರಿ. ಅದು ನಿಮ್ಮ ಕುರ್ಚಿಯ ಎತ್ತರ. ಆಮೇಲೆ ಕೂತು, ನೆಲದಿಂದ ಮೊಣಕೈ ತನಕ ಅಳೆಯಿರಿ. ಅದು ನಿಮ್ಮ ಮೇಜಿನ ಎತ್ತರ. ಎರಡೂ ಅಂಕಿಯನ್ನು ಒಂದು ಹಾಳೆಯಲ್ಲಿ ಬರೆದು, ಪಕ್ಕದಲ್ಲಿ ಈಗಿರುವ ಕುರ್ಚಿ ಮೇಜಿನ ಎತ್ತರ ಬರೆದು, ಸಂಘದ ಕಾರ್ಯದರ್ಶಿಗೆ ಕೊಡಿ. ಅವರು ಎಲ್ಲ ಹಾಳೆ ಸೇರಿಸಿ ಸಾಹೇಬರಿಗೆ ಕೊಡುತ್ತಾರೆ. ಕುರ್ಚಿ ಬರುವ ತನಕ ಮನೆಯಲ್ಲಿ ಮಣೆ ಇರುವವರು ಮಣೆ ತನ್ನಿ. ಊಟಕ್ಕೆ ಏಳೋಣ.