ಗೋಡೆ ಮುಚ್ಚುವ ಮೊದಲು

ಕೇಳುಗರಿಗೆ ನಮಸ್ಕಾರ.

ನಾನಿರುವುದು ಅಮೆರಿಕದ ಮಿಷಿಗನ್ ರಾಜ್ಯದಲ್ಲಿ. ಚಳಿಗಾಲ ಬಂತೆಂದರೆ ಇಲ್ಲಿ ನೆಲವೇ ಹೆಪ್ಪುಗಟ್ಟುತ್ತದೆ. ಅದಕ್ಕೇ ಮನೆಯ ತಳಪಾಯ 42 ಇಂಚಾದರೂ ಆಳಕ್ಕೆ ಹೋಗಬೇಕು ಅಂತ ನಿಯಮ. ಅಷ್ಟು ಅಗೆದ ಮೇಲೆ ಇನ್ನೂ ನಾಲ್ಕೈದು ಅಡಿ ಅಗೆದರೆ ಒಂದು ಅಂತಸ್ತೇ ಸಿಕ್ಕಿಬಿಡುತ್ತದೆ. ಅದೇ ಬೇಸ್‌ಮೆಂಟ್. ಮನೆ ಕೊಂಡಾಗ ಅಲ್ಲಿ ಇದ್ದದ್ದು ಬರೀ ಕಾಂಕ್ರೀಟ್ ಗೋಡೆ, ತಲೆಯ ಮೇಲೆ ಮರದ ಜಂತೆಗಳು, ಮೂಲೆಯಲ್ಲಿ ಮನೆ ಬಿಸಿ ಮಾಡುವ ಒಂದು ಫರ್ನೇಸ್. ಕೆಲವು ವರ್ಷ ಸೂಟ್‌ಕೇಸುಗಳನ್ನು ತುಂಬಿಟ್ಟೆವು. ಹೋದ ವರ್ಷ ಅದನ್ನು ಕೋಣೆಗಳಾಗಿ ಮಾಡಿಸಿದೆವು.

ಟಿವಿ ನೋಡಲು ಒಂದು ಹಾಲ್. ಅದರ ಪಕ್ಕ ಮಗಳು ಭರತನಾಟ್ಯ ಅಭ್ಯಾಸ ಮಾಡುವ ಜಾಗ. ಮೈಸೂರಿನಿಂದ ಅಮ್ಮ ಬಂದಾಗ ಇರಲು ಒಂದು ಕೋಣೆ. ಬಟ್ಟೆ ಒಗೆಯುವ ಕೋಣೆ. ನಾಲ್ಕೂ ಕಡೆ ಸ್ಪೀಕರ್ ಹಾಕಿಸಿ ಹಾಡು, ಮಾತು ಕೇಳಬೇಕು ಅಂತ ನಮ್ಮ ಆಸೆ. ಇಂಥ ಕೆಲಸಕ್ಕೆ ಕೈ ಹಾಕುವವರು ನಮ್ಮವರಲ್ಲಿ ಜಾಸ್ತಿಯಾಗುತ್ತಿದ್ದಾರೆ. ಅದಕ್ಕೇ ನಾನು ಕಲಿತದ್ದನ್ನು ಇವತ್ತು ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲು ಅಂಗಡಿಗೆ ಹೋಗಬೇಡಿ. ಒಂದು ಹಾಳೆ ತೆಗೆದುಕೊಳ್ಳಿ, ಕೋಣೆಗಳ ನಕ್ಷೆ ಬರೆಯಿರಿ. ಯಾರು ಎಲ್ಲಿ ಕೂರುತ್ತಾರೆ, ಯಾವ ಹೊತ್ತಿನಲ್ಲಿ ಏನು ಕೇಳುತ್ತಾರೆ ಅಂತ ಅದರಲ್ಲೇ ಗುರುತು ಮಾಡಿ. ನಮ್ಮ ಅಮ್ಮನಿಗೆ ಬೇಕಾದದ್ದು ಮೈಸೂರು ಆಕಾಶವಾಣಿ. 1935ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಶುರುಮಾಡಿದ ಬಾನುಲಿ ಅದು. ಮೈಸೂರಿನಲ್ಲಿ ಬೆಳಿಗ್ಗೆ 6 ಗಂಟೆಯಾದರೆ ಚಳಿಗಾಲದಲ್ಲಿ ನಮಗೆ ಹಿಂದಿನ ದಿನದ ಸಂಜೆ 7.30. ಅದೇ ಹೊತ್ತಿಗೆ ಮಗಳ ಅಭ್ಯಾಸ. ಅದೇ ಹೊತ್ತಿಗೆ ಹಾಲ್‌ನಲ್ಲಿ ಟಿವಿ. ಅಂದರೆ ಮೂರು ಕೋಣೆಗೆ ಮೂರು ಬೇರೆ ಬೇರೆ ಧ್ವನಿ ಒಟ್ಟಿಗೇ ಹೋಗಬೇಕು. ಹೀಗೆ ಬೇರೆಯಾಗಿ ನಡೆಸಬೇಕಾದ ಜಾಗಕ್ಕೆ ಈ ಕೆಲಸದವರು ಜೋನ್ ಅನ್ನುತ್ತಾರೆ. ನಮ್ಮದು ನಾಲ್ಕು ಜೋನ್. ಈ ಲೆಕ್ಕ ಆಗದೆ ಸ್ಪೀಕರ್‌ಗಳನ್ನು ನುಡಿಸುವ ಆಂಪ್ಲಿಫೈಯರ್ ಕೊಂಡರೆ ದುಡ್ಡು ಹೋದಹಾಗೆಯೇ.

ಎರಡನೆಯದು ವೈರ್. ಗೋಡೆಗೆ ಡ್ರೈವಾಲ್ ಅನ್ನುವ ಜಿಪ್ಸಮ್ ಹಲಗೆ ಹೊಡೆಯುವ ಮೊದಲು ವೈರ್ ಎಳೆಯುವುದು ಒಂದು ಶನಿವಾರದ ಕೆಲಸ. ಹಲಗೆ ಹೊಡೆದ ಮೇಲೆ ಕೊರೆಯಬೇಕು, ತೇಪೆ ಹಾಕಬೇಕು, ಮತ್ತೆ ಬಣ್ಣ ಬಳಿಯಬೇಕು. ನಮ್ಮಲ್ಲಿ ಕೆಲಸದವರು ಹೇಳಿದ್ದಕ್ಕಿಂತ ಒಂದು ದಿನ ಮೊದಲೇ ಬಂದು ಅಮ್ಮನ ಕೋಣೆಯ ಸೂರಿಗೆ ಹಲಗೆ ಹೊಡೆದುಬಿಟ್ಟಿದ್ದರು. ನಾನು ಆಫೀಸಿನಿಂದ ಬಂದು ನೋಡಿದರೆ ಜಂತೆಯೇ ಕಾಣುತ್ತಿಲ್ಲ. ಆಮೇಲೆ ಎರಡು ಕಡೆ ಕತ್ತರಿಸಿ ವೈರ್ ಎಳೆಯಬೇಕಾಯಿತು. ಬೆಳಕು ಓರೆಯಾಗಿ ಬಿದ್ದಾಗ ಆ ತೇಪೆ ಇವತ್ತಿಗೂ ಕಾಣುತ್ತದೆ. ಅದಕ್ಕೇ ಹೇಳುತ್ತೇನೆ, ಹಲಗೆ ಹೊಡೆಯುವ ದಿನ ಯಾವುದು ಅಂತ ಬರೆದು ಕೊಡಿಸಿಕೊಳ್ಳಿ. ಆ ದಿನ ಬೆಳಿಗ್ಗೆ ನೀವೇ ಅಲ್ಲಿರಿ.

ಯಾವ ವೈರ್? ವೈರಿನ ದಪ್ಪವನ್ನು ಗೇಜ್‌ನಲ್ಲಿ ಹೇಳುತ್ತಾರೆ, ಅಂಕಿ ಚಿಕ್ಕದಾದಷ್ಟೂ ವೈರ್ ದಪ್ಪ. ಕರೆಂಟಿಗೆ ಸ್ಪೀಕರ್ ಒಡ್ಡುವ ತಡೆಯನ್ನು ಓಮ್‌ನಲ್ಲಿ ಅಳೆಯುತ್ತಾರೆ. ಸಾಧಾರಣ 8 ಓಮ್ ಸ್ಪೀಕರ್‌ಗೆ 50 ಅಡಿಯ ಒಳಗಾದರೆ 16 ಗೇಜ್ ಸಾಕು. ಅದಕ್ಕಿಂತ ದೂರ ಇದ್ದರೆ 14 ಗೇಜ್ ಹಾಕಿ. ಗೋಡೆಯೊಳಗೆ ಹೋಗುವ ವೈರ್ ಮೇಲೆ ಸಿಎಲ್2 ಅಥವಾ ಸಿಎಲ್3 ಅಂತ ಅಚ್ಚಾಗಿರಬೇಕು. ಬೆಂಕಿ ಬಿದ್ದಾಗ ಉರಿ ಬೇಗ ಹಬ್ಬಬಾರದು ಅನ್ನುವುದಕ್ಕೆ ಆ ಗುರುತು. ಇದರಲ್ಲಿ ಮಾತ್ರ ಉಳಿತಾಯ ನೋಡಬೇಡಿ. ಕರೆಂಟಿನ ವೈರ್ ಪಕ್ಕದಲ್ಲೇ ಉದ್ದಕ್ಕೂ ಎಳೆಯಬೇಡಿ, ಒಂದಡಿ ದೂರ ಇರಲಿ. ದಾಟಲೇಬೇಕಾದರೆ ಅಡ್ಡಡ್ಡ ದಾಟಿಸಿ. ಸ್ಪೀಕರ್ ವೈರ್ ಎಳೆಯುವಾಗಲೇ ಪ್ರತಿ ಕೋಣೆಗೂ ಒಂದೊಂದು ನೆಟ್‌ವರ್ಕ್ ಕೇಬಲ್ ಕೂಡ ಎಳೆದುಬಿಡಿ. ಎಲ್ಲ ಮುಗಿದ ಮೇಲೆ, ಗೋಡೆಗೆ ಟೇಪ್ ಹಿಡಿದು ಅಳತೆ ಕಾಣುವ ಹಾಗೆ ಫೋಟೋ ತೆಗೆದಿಟ್ಟುಕೊಳ್ಳಿ. ಮುಂದೆ ಒಂದು ಚಿತ್ರಪಟಕ್ಕೆ ಮೊಳೆ ಹೊಡೆಯುವಾಗಲೂ ಅದು ಬೇಕಾಗುತ್ತದೆ.

ಗೋಡೆ ಆಗಲೇ ಮುಚ್ಚಿದ್ದರೆ? ಹೆದರಬೇಡಿ. ಬಿಲ್ಲೆ ಜೋಡಿಸಿದ ತೂಗು ಸೂರು ಇದ್ದರೆ ಬಿಲ್ಲೆ ಎತ್ತಿ ವೈರ್ ಎಳೆಯಬಹುದು. ಇಲ್ಲದಿದ್ದರೆ ವೈ-ಫೈ ಸ್ಪೀಕರ್‌ಗಳಿವೆ. ಅವು ಚೆನ್ನಾಗಿಯೇ ಇರುತ್ತವೆ. ಆದರೆ ಎಲ್ಲ ಕೋಣೆಗೂ ಒಂದೇ ವ್ಯವಸ್ಥೆಯದ್ದನ್ನು ಕೊಳ್ಳಿ. ಧ್ವನಿ ಒಂದಡಿ ಸಾಗಲು ಸುಮಾರು ಒಂದು ಮಿಲಿಸೆಕೆಂಡ್ ಬೇಕು. ಪಕ್ಕದ ಕೋಣೆಯಿಂದ ಹತ್ತು ಹದಿನೈದು ಮಿಲಿಸೆಕೆಂಡ್ ತಡವಾಗಿ ಬಂದರೆ ಕಿವಿಗೆ ಗೊತ್ತೇ ಆಗುವುದಿಲ್ಲ. ಐವತ್ತು ದಾಟಿದರೆ ಪ್ರತಿಧ್ವನಿಯ ಹಾಗೆ ಕೇಳತೊಡಗುತ್ತದೆ. ಒಂದಕ್ಕೊಂದು ಹೊಂದದ ಎರಡು ವೈ-ಫೈ ವ್ಯವಸ್ಥೆಗಳನ್ನು ಬೆರೆಸಿದರೆ ತಡ ಇದಕ್ಕಿಂತ ಎಷ್ಟೋ ಜಾಸ್ತಿ ಆಗಬಹುದು. ಬಾಗಿಲಲ್ಲಿ ನಿಂತರೆ ತಾಳ ಎರಡೆರಡು ಸಲ ಬೀಳುತ್ತದೆ. ನಾಟ್ಯ ಮಾಡುವ ಮಗುವಿಗೆ ಇದು ನಿಜವಾದ ತೊಂದರೆ. ಜತಿ ಒಂದು ಕಡೆ, ಹೆಜ್ಜೆ ಒಂದು ಕಡೆ ಆಗುತ್ತದೆ. ಅದಕ್ಕೇ ಅಭ್ಯಾಸದ ಜಾಗಕ್ಕೂ ಟಿವಿಗೂ ನಾವು ವೈರ್ ಹಾಕಿದೆವು.

ಇನ್ನು ಸ್ಪೀಕರ್. ದೊಡ್ಡ ಹಾಲ್‌ಗೆ ದೊಡ್ಡ ವಾಟ್ ಇರುವ ಒಂದು ಜೋಡಿ ಸಾಕು ಅಂತ ಅಂಗಡಿಯಲ್ಲಿ ಹೇಳುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. 100 ವಾಟ್ ಬದಲು 200 ವಾಟ್ ಕೊಟ್ಟರೆ ಸದ್ದು ಏರುವುದು 3 ಡೆಸಿಬಲ್ ಅಷ್ಟೇ, ಕಿವಿಗೆ ತುಸುವೇ ಜಾಸ್ತಿ. ಕಿವಿಗೆ ಎರಡರಷ್ಟು ಅನ್ನಿಸಬೇಕಾದರೆ ಸುಮಾರು ಹತ್ತರಷ್ಟು ವಾಟ್ ಬೇಕು. ಅದರ ಬದಲು ಸೂರಿನಲ್ಲಿ ನಾಲ್ಕು ಸ್ಪೀಕರ್ ಹಂಚಿ ಹಾಕಿ, ಮೆಲ್ಲಗೆ ನುಡಿಸಿ. ಸ್ಪೀಕರ್ ಕೆಳಗೆ ಕೂತವರಿಗೆ ಕಿವಿ ನೋಯುವುದಿಲ್ಲ, ದೂರ ಕೂತವರು ಜೋರು ಮಾಡು ಅನ್ನುವುದಿಲ್ಲ. ಆದರೆ ಒಂದು ಎಚ್ಚರಿಕೆ. 8 ಓಮ್‌ನ ಎರಡು ಸ್ಪೀಕರ್‌ಗಳನ್ನು ಆಂಪ್ಲಿಫೈಯರಿನ ಒಂದೇ ಚಾನೆಲ್‌ಗೆ, ಅಂದರೆ ಎಡ ಅಥವಾ ಬಲದ ಒಂದೇ ದಾರಿಗೆ, ಸಮಾನಾಂತರವಾಗಿ (ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್) ಜೋಡಿಸಿದರೆ ಅದು 4 ಓಮ್ ಆಗುತ್ತದೆ. ನಾಲ್ಕು ಜೋಡಿಸಿದರೆ 2 ಓಮ್. ಓಮ್ ಇಳಿದಷ್ಟೂ ಆಂಪ್ಲಿಫೈಯರ್ ಜಾಸ್ತಿ ಕರೆಂಟ್ ಕೊಡಬೇಕು. ಎಷ್ಟೋ ಆಂಪ್ಲಿಫೈಯರ್‌ಗಳು ಇದನ್ನು ತಡೆಯಲಾರವು, ಬಿಸಿಯಾಗಿ ನಿಂತುಹೋಗುತ್ತವೆ. ಎಷ್ಟು ಓಮ್‌ವರೆಗೆ ತಡೆಯುತ್ತದೆ ಅಂತ ಅದರ ಹಿಂಭಾಗದಲ್ಲಿ ಬರೆದಿರುತ್ತದೆ, ನೋಡಿಕೊಳ್ಳಿ.

ಬಟ್ಟೆ ಒಗೆಯುವ ಕೋಣೆಗೆ ಒಂದೇ ಸ್ಪೀಕರ್ ಸಾಕು. ಆದರೆ ಎಡ, ಬಲ ಎರಡೂ ಚಾನೆಲ್ ಸೇರಿಸಿಕೊಳ್ಳುವ ಬಗೆಯದ್ದನ್ನೇ ಹಾಕಿ. ಇಲ್ಲದಿದ್ದರೆ ಪಿಟೀಲು ಒಂದು ಕಡೆ, ಮೃದಂಗ ಇನ್ನೊಂದು ಕಡೆ ಇರುವ ಕಚೇರಿಯಲ್ಲಿ ನಿಮಗೆ ಒಂದೇ ಕೇಳುತ್ತದೆ.

ಸ್ಪೀಕರ್ ಜೋಡಿಸುವಾಗ ಪ್ಲಸ್, ಮೈನಸ್ ಅದಲು ಬದಲಾಗದ ಹಾಗೆ ನೋಡಿಕೊಳ್ಳಿ. ನಮ್ಮ ಹಾಲ್‌ನಲ್ಲಿ ಒಂದು ಸ್ಪೀಕರ್‌ಗೆ ಹಾಗಾಗಿತ್ತು. ಹಾಡು ಕೇಳುತ್ತಿತ್ತು, ಆದರೆ ಮೃದಂಗದ ಎಡಗೈ ನಾದವೇ ಇರಲಿಲ್ಲ. ಒಂದು ಸ್ಪೀಕರ್ ಗಾಳಿಯನ್ನು ತಳ್ಳುವಾಗ ಇನ್ನೊಂದು ಎಳೆಯುತ್ತದೆ. ತಗ್ಗಿನ ಸ್ವರಗಳು ಒಂದನ್ನೊಂದು ಅಳಿಸಿಬಿಡುತ್ತವೆ. ಇದನ್ನು ಪರೀಕ್ಷಿಸಲು ಟಾರ್ಚಿನ 1.5 ವೋಲ್ಟ್ ಸೆಲ್ ಸಾಕು. ಆಂಪ್ಲಿಫೈಯರ್ ಕಡೆಯ ತುದಿಗಳನ್ನು ಬಿಡಿಸಿ, ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಒಂದು ಕ್ಷಣ ಮುಟ್ಟಿಸಿ. ಸ್ಪೀಕರಿನ ಶಂಕು, ಅಂದರೆ ಅದುರುವ ಕೋನ್, ಹೊರಗೆ ಉಬ್ಬಿದರೆ ಜೋಡಣೆ ಸರಿ ಇದೆ. ಒಳಗೆ ಸರಿದರೆ ಅದಲಾಗಿದೆ.

ಈಗ ಮೇಲಿನ ಮನೆಯ ವಿಷಯ. ಜನ ಇದನ್ನೇ ಮರೆಯುತ್ತಾರೆ. ಬೇಸ್‌ಮೆಂಟಿನ ಸೂರೇ ಮೇಲಿನವರ ನೆಲ. 50 ಹರ್ಟ್ಜ್‌ನ, ಅಂದರೆ ಸೆಕೆಂಡಿಗೆ 50 ಸಲ ಕಂಪಿಸುವ, ತಗ್ಗಿನ ಸ್ವರದ ಒಂದು ಅಲೆಯೇ ಸುಮಾರು 7 ಮೀಟರ್ ಉದ್ದ ಇರುತ್ತದೆ. ತೆಳ್ಳಗಿನ ಹಲಗೆಗೆ ಅದನ್ನು ತಡೆಯುವ ಶಕ್ತಿ ಇಲ್ಲ. ಜಂತೆಗಳ ನಡುವೆ ರಾಕ್‌ವೂಲ್ ಅನ್ನುವ ಉಣ್ಣೆಯಂಥ ಹಾಸು ತುಂಬಿಸಿ, ಸಾಧ್ಯವಾದರೆ ಎರಡು ಪದರ ಹಲಗೆ ಹೊಡೆಸಿ. ಇದರಿಂದ ಮಾತು, ಹಾಡು ತುಂಬಾ ಕಡಿಮೆಯಾಗುತ್ತದೆ, ದುಮ್ ದುಮ್ ಸದ್ದು ಸ್ವಲ್ಪವೇ ಕಡಿಮೆಯಾಗುತ್ತದೆ. ಸೂರಿನ ಸ್ಪೀಕರ್‌ಗಾಗಿ ಕೊರೆದ ಪ್ರತಿ ತೂತೂ ಧ್ವನಿ ಸೋರುವ ದಾರಿಯೇ. ಹಿಂದೆ ಮುಚ್ಚಿದ ಪೆಟ್ಟಿಗೆ ಇರುವ ಸ್ಪೀಕರ್ ತೆಗೆದುಕೊಳ್ಳಿ. ತಗ್ಗಿನ ಸ್ವರಗಳಿಗೆಂದೇ ಇರುವ ಸ್ಪೀಕರ್ ಸಬ್‌ವೂಫರ್. ಅದನ್ನು ಮಲಗುವ ಕೋಣೆಯ ಕೆಳಗೆ ಇಡಬೇಡಿ.

ಕೊನೆಗೆ ಅಮ್ಮನ ಕೋಣೆ. ಇಡೀ ಯೋಜನೆಯಲ್ಲಿ ನಾನು ತುಂಬಾ ಯೋಚಿಸಿದ್ದು ಇದರ ಬಗ್ಗೆ. ಎಲ್ಲವನ್ನೂ ಫೋನಿನಿಂದ ನಡೆಸಬಹುದು ನಿಜ. ಆದರೆ 74 ವರ್ಷದ ಅಮ್ಮ ಕನ್ನಡಕ ಹುಡುಕಿ, ಫೋನ್ ತೆರೆದು, ಆಪ್ ಒತ್ತಿ ರೇಡಿಯೋ ಕೇಳಬೇಕೇ? ಹಾಸಿಗೆಯ ಪಕ್ಕದ ಗೋಡೆಯಲ್ಲಿ, ಕೂತಲ್ಲಿಂದ ಕೈಗೆ ಎಟಕುವ ಎತ್ತರದಲ್ಲಿ, ತಿರುಗಿಸುವ ಒಂದು ಗುಂಡಿ ಹಾಕಿಸಿದೆ. ಸಂಜೆ 7.30ಕ್ಕೆ ಆ ಜೋನ್‌ನಲ್ಲಿ ಮೈಸೂರು ಆಕಾಶವಾಣಿ ತಾನಾಗೇ ಶುರುವಾಗುತ್ತದೆ. ಬೇಕಾದರೆ ಗುಂಡಿ ತಿರುಗಿಸಬಹುದು, ಬೇಡದಿದ್ದರೆ ಬಿಡಬಹುದು.

ಮೊದಲ ಸಂಜೆ ಅಮ್ಮ ಗುಂಡಿ ತಿರುಗಿಸಿದರು. ಸ್ವಲ್ಪ ಹೊತ್ತು ಸೂರನ್ನೇ ನೋಡುತ್ತಾ ಕೂತಿದ್ದರು. ಆಮೇಲೆ, "ಇದು ಈಗಲೇ ಅಲ್ಲಿ ಬರ್ತಿರೋದಾ ಮಗಾ?" ಅಂತ ಕೇಳಿದರು. ಹೌದಮ್ಮ, ಈಗಲೇ ಅಂದೆ. "ಹಾಗಾದ್ರೆ ಪಕ್ಕದ ಮನೆಯವರೂ ಕೇಳ್ತಿರ್ತಾರೆ" ಅಂದರು. ಗುಂಡಿಯನ್ನು ಇನ್ನೊಂದು ಸ್ವಲ್ಪ ತಿರುಗಿಸಿದರು.

ನಮಸ್ಕಾರ.