ಕಾಲಿನ ನೋವು, ಸೊಂಟದ ನರ

ಕೇಳುಗರಿಗೆ ನಮಸ್ಕಾರ.

ಕೋಲಾರದ ಎಪಿಎಂಸಿಯಲ್ಲಿ ಟೊಮ್ಯಾಟೊ ಸುಗ್ಗಿ ಬಂತೆಂದರೆ 15 ಕೆಜಿ ಬಾಕ್ಸುಗಳು ಲಾರಿಗೆ ಏರುತ್ತಲೇ ಇರುತ್ತವೆ. ಹೊರುವ ಹಮಾಲಿಗಳಲ್ಲಿ ಸೊಂಟ ಹಿಡಿದುಕೊಂಡಿದೆ ಅನ್ನುವವರು ಬಹಳ. ಕೆಲವರು ಮಾತ್ರ, "ಸೊಂಟಕ್ಕಿಂತ ಕಾಲೇ ಜಾಸ್ತಿ ನೋಯುತ್ತೆ. ತೊಡೆ ಹಿಂದಿನಿಂದ ಪಾದದವರೆಗೂ ಚಳುಕು ಹೊಡೆಯುತ್ತೆ" ಅನ್ನುತ್ತಾರೆ. ಕಾಲಿಗೆ ಎಣ್ಣೆ ತಿಕ್ಕಿ ತಿಕ್ಕಿ ಸಾಕಾಗಿರುತ್ತಾರೆ. ಇಂಥ ನೋವು ಬಹಳ ಸಲ ಹುಟ್ಟುವುದು ಸೊಂಟದಲ್ಲಿ.

ಬೆನ್ನುಮೂಳೆ ಒಂದೇ ಮೂಳೆಯಲ್ಲ. ಕತ್ತಿನಲ್ಲಿ 7, ಎದೆಯ ಹಿಂದೆ 12, ಸೊಂಟದಲ್ಲಿ 5 ಬಿಡಿ ಮೂಳೆಗಳು. ಅದರ ಕೆಳಗಿನವು ಬೆಸೆದುಕೊಂಡಿವೆ. ಮೂಳೆ ಮೂಳೆಯ ನಡುವೆ ಮುಂಭಾಗದಲ್ಲಿ ಡಿಸ್ಕ್ ಎಂಬ ಮೆತ್ತೆ, ಹಿಂಭಾಗದಲ್ಲಿ ಎರಡು ಪುಟ್ಟ ಕೀಲುಗಳು. ನಾವು ಬಗ್ಗುವುದು, ತಿರುಗುವುದು ಇವುಗಳಿಂದಲೇ. ನಡುವಿನ ಕೊಳವೆಯಲ್ಲಿ ಬೆನ್ನುಹುರಿ ಇಳಿಯುತ್ತದೆ. ಅದರಿಂದ 31 ಜೊತೆ ನರಗಳು ಕವಲೊಡೆದು ಎಡಬಲದ ಕಿಂಡಿಗಳಿಂದ ಹೊರಬರುತ್ತವೆ. ದೊಡ್ಡವರಲ್ಲಿ ಬೆನ್ನುಹುರಿ ಸೊಂಟದ ಮೇಲ್ಭಾಗದಲ್ಲೇ ಮುಗಿಯುತ್ತದೆ. ಅಲ್ಲಿಂದ ಕೆಳಕ್ಕೆ ಕುದುರೆಯ ಬಾಲದ ಹಾಗೆ ನರಗಳ ಗೊಂಚಲು ಮಾತ್ರ.

ಡಿಸ್ಕಿನ ಹೊರಗೆ ನಾರಿನ ಗಟ್ಟಿ ಬಳೆ, ಒಳಗೆ ಮೆತ್ತನೆಯ ತಿರುಳು. ವಯಸ್ಸು, ಸವೆತ, ಬಗ್ಗಿದಲ್ಲೇ ತಿರುಚಿ ಭಾರ ಎತ್ತುವುದು, ಇವೆಲ್ಲ ಸೇರಿ ಬಳೆ ಬಿರುಕು ಬಿಟ್ಟರೆ ತಿರುಳು ಹೊರಚಾಚಿ ನರದ ಬೇರನ್ನು ಒತ್ತುತ್ತದೆ. ಹೆಚ್ಚಾಗಿ ಇದು ಸೊಂಟದ ಕೊನೆಯ ಎರಡು ಡಿಸ್ಕುಗಳಲ್ಲಿ. ಅಲ್ಲಿನ ನರಗಳು ಹೋಗುವುದು ಕಾಲಿಗೆ. ಒತ್ತಿದ್ದು ಮೇಲೆ, ಮಿದುಳಿಗೆ ಅನ್ನಿಸುವುದು ಕಾಲು ನೊಂದ ಹಾಗೆ. ಐದನೆಯ ಸೊಂಟದ ನರ ಸಿಕ್ಕಿಕೊಂಡರೆ ಕಾಲಿನ ಹೆಬ್ಬೆರಳನ್ನು ಮೇಲೆತ್ತುವುದು ಕಷ್ಟ. ಅದರ ಕೆಳಗಿನದಾದರೆ ತುದಿಗಾಲಲ್ಲಿ ನಿಲ್ಲುವುದು ಕಷ್ಟ. ವೈದ್ಯರು ಬೆರಳು ಎತ್ತಿಸಿ ನೋಡುವುದು ಇದಕ್ಕೇ.

ಹೆದರಬೇಡಿ. ಬಹುಪಾಲು ಜನರಿಗೆ ಆಪರೇಷನ್ ಇಲ್ಲದೆ ಕೆಲವು ವಾರಗಳಲ್ಲಿ ವಾಸಿಯಾಗುತ್ತದೆ. ಹಾಸಿಗೆ ಹಿಡಿದು ಮಲಗಿಬಿಡುವುದೂ ಬೇಡ, ಆದಷ್ಟು ಓಡಾಡಿಕೊಂಡಿರಿ. ಆದರೆ ಬೆನ್ನು ತುಳಿಸಿಕೊಳ್ಳುವುದು, ಲಟಿಕೆ ತೆಗೆಸುವುದು ದಯವಿಟ್ಟು ಬೇಡ. ಬಾಕ್ಸು ಎತ್ತುವಾಗ ಮಂಡಿ ಮಡಿಸಿ, ಅದನ್ನು ಮೈಗೆ ಹತ್ತಿರ ಹಿಡಿದು, ಸೊಂಟ ತಿರುಚದೆ ಪಾದವನ್ನೇ ತಿರುಗಿಸಿ. ಮೇಸ್ತ್ರಿಗಳೇ, ಮಂಡಿ ಮಾಲೀಕರೇ, ನಡುನಡುವೆ ಅವರಿಗೆ ಬಿಡುವು ಕೊಡಿ.

ಕೆಲವು ಲಕ್ಷಣಗಳು ಮಾತ್ರ ಕಾಯುವಂಥವಲ್ಲ. ತೊಡೆಸಂದು, ಗುದದ ಸುತ್ತ ಜೋಮು ಹಿಡಿದರೆ, ಮೂತ್ರ ಕಟ್ಟಿದರೆ ಅಥವಾ ತಾನಾಗಿ ಹೋದರೆ, ಕಾಲುಗಳ ಬಲ ಕುಗ್ಗುತ್ತಾ ಬಂದರೆ, ಆ ನರಗಳ ಗೊಂಚಲೇ ಒತ್ತಡಕ್ಕೆ ಸಿಕ್ಕಿರಬಹುದು. ಹೇಳಲು ನಾಚಿಕೆಪಡಬೇಡಿ. ಬೆಳಗಾಗಲಿ ಎಂದು ಕೂರದೆ 108ಕ್ಕೆ ಕರೆ ಮಾಡಿ, ರಾತ್ರಿಯಾದರೂ ಸರಿ, ದೊಡ್ಡಾಸ್ಪತ್ರೆಗೆ ಹೊರಡಿ.