ಚೆಂಡಿಲ್ಲದ ಕಡೆ ನೋಡಿ

(ಬಳ್ಳಾರಿಯಲ್ಲಿ ಮಕ್ಕಳ ಫುಟ್‌ಬಾಲ್ ಟೂರ್ನಿಯ ಮುನ್ನಾದಿನ ಆಟಗಾರರು ಮತ್ತು ಪಾಲಕರ ಮುಂದೆ ನೀಡಿದ ಉಪನ್ಯಾಸ)

ಮಕ್ಕಳೇ, ಈ ಬಿಸಿಲಲ್ಲೂ ಬಂದು ಕುಳಿತಿರುವ ಪಾಲಕರೇ,

ಹೋದ ವಾರ ಅಭ್ಯಾಸಕ್ಕೆ ಬಂದ ಹುಡುಗರು ಹಿಂದಿನ ರಾತ್ರಿಯ ಪಂದ್ಯದ ಗೋಲನ್ನು ನನಗೆ ಆಡಿಯೇ ತೋರಿಸಿದರು. ಯಾವ ಕಾಲಲ್ಲಿ ಒದ್ದ, ಚೆಂಡು ಹೇಗೆ ತಿರುಗಿತು, ಗೋಲು ಹೊಡೆದವನು ಯಾವ ಮೂಲೆಗೆ ಓಡಿದ, ಎಲ್ಲವೂ ಬಾಯಿಪಾಠ. ‘ಆ ಹೊತ್ತಿಗೆ ಲೆಫ್ಟ್ ಬ್ಯಾಕ್, ಅಂದರೆ ಹಿಂದೆ ಎಡಗಡೆ ಕಾಯುವವನು, ಎಲ್ಲಿದ್ದ?’ ಎಂದು ಕೇಳಿದೆ. ಎಲ್ಲರೂ ಮುಖ ಮುಖ ನೋಡಿಕೊಂಡರು. ನಾನು ಕೇಳಿದ್ದು ನಮ್ಮ ತಂಡದ ಲೆಫ್ಟ್ ಬ್ಯಾಕ್ ಹುಡುಗನನ್ನೇ. ಅವನು ಪಂದ್ಯ ನೋಡಿರಲಿಲ್ಲ, ಮೊಬೈಲ್‌ನಲ್ಲಿ ಗೋಲುಗಳನ್ನಷ್ಟೇ ನೋಡಿದ್ದ.

ತಪ್ಪು ಅವನದಲ್ಲ. ಒದೆಯುವುದನ್ನು ಕಲಿಸಿದ ನಾನು ನೋಡುವುದನ್ನು ಕಲಿಸಿರಲಿಲ್ಲ. ಆ ಬಾಕಿಯನ್ನು ಇವತ್ತು ತೀರಿಸುತ್ತೇನೆ.

90 ನಿಮಿಷದ ಪಂದ್ಯದಲ್ಲಿ ಒಬ್ಬ ಆಟಗಾರನ ಕಾಲಲ್ಲಿ ಚೆಂಡು ಇರುವುದು ಹೆಚ್ಚೆಂದರೆ ಎರಡು ಮೂರು ನಿಮಿಷ. ಉಳಿದ ಹೊತ್ತೆಲ್ಲ ಅವನು ಚೆಂಡಿಲ್ಲದೆಯೇ ಆಡುತ್ತಾನೆ. ಅದು ಗೋಲುಗಳ ತುಣುಕಿನಲ್ಲಿ ಸಿಗುವುದಿಲ್ಲ. ಹಾಗಾಗಿ ಪಂದ್ಯ ಶುರುವಾಗುತ್ತಲೇ ನಿಮ್ಮ ಜಾಗದಲ್ಲಿ ಆಡುವ ಒಬ್ಬನನ್ನು ಆರಿಸಿಕೊಳ್ಳಿ. ಹದಿನೈದು ನಿಮಿಷ ಅವನ ಮೇಲೇ ಕಣ್ಣಿರಲಿ. ಟಿ.ವಿ. ಕ್ಯಾಮೆರಾ ಚೆಂಡಿನ ಹಿಂದೆ ಓಡುವುದರಿಂದ ಅವನು ಆಗಾಗ ಮರೆಯಾಗುತ್ತಾನೆ. ಚಿಂತೆಯಿಲ್ಲ. ಮತ್ತೆ ಪರದೆಗೆ ಬಂದಾಗ ಯಾವ ಕಡೆಯಿಂದ ಬಂದ, ಓಡುತ್ತಾ ಬಂದನೋ ಮೊದಲೇ ಬಂದು ನಿಂತಿದ್ದನೋ ಎಂದು ಕೇಳಿಕೊಳ್ಳಿ. ಮಿಡ್‌ಫೀಲ್ಡರ್‌ಗಳು, ಅಂದರೆ ಅಂಗಳದ ನಡುಭಾಗದಲ್ಲಿ ಆಡುವವರು, ಅವನ ಕಾಲನ್ನು ಬಿಟ್ಟು ಕತ್ತನ್ನು ನೋಡಬೇಕು. ಸ್ಪೇನ್‌ನ ಕ್ಸಾವಿ ಚೆಂಡು ತಮ್ಮ ಬಳಿಗೆ ಬರುವ ಮೊದಲು ಎಡಕ್ಕೆ, ಬಲಕ್ಕೆ, ಬೆನ್ನ ಹಿಂದೆ ಮತ್ತೆ ಮತ್ತೆ ಕತ್ತು ಹೊರಳಿಸುತ್ತಿದ್ದರು. ಚೆಂಡು ಕಾಲಿಗೆ ತಾಗುವ ಹೊತ್ತಿಗೆ ಅದನ್ನು ಯಾರಿಗೆ ಕೊಡಬೇಕೆಂಬುದು ಅವರಿಗೆ ತೀರ್ಮಾನವಾಗಿರುತ್ತಿತ್ತು.

ಮೈದಾನದಲ್ಲೇ ಕುಳಿತು ನೋಡುವ ಅವಕಾಶ ಸಿಕ್ಕರೆ ಬಿಡಬೇಡಿ. ಕೆಲವು ವರ್ಷಗಳ ಹಿಂದೆ ಏಳು ಹುಡುಗರನ್ನು ಹಂಪಿ ಎಕ್ಸ್‌ಪ್ರೆಸ್ ಹತ್ತಿಸಿ ಬೆಂಗಳೂರಿಗೆ ಕರೆದುಕೊಂಡು ಹೋಗಿದ್ದೆ. ಕಂಠೀರವ ಕ್ರೀಡಾಂಗಣದಲ್ಲಿ ಆಟದ ಅಂಗಳಕ್ಕೂ ಪ್ರೇಕ್ಷಕರಿಗೂ ನಡುವೆ ಓಟದ ಟ್ರ್ಯಾಕ್ ಇದೆ, ಮುಂದಿನ ಸಾಲಿನಲ್ಲಿ ಕುಳಿತರೆ ಏನೂ ತಿಳಿಯುವುದಿಲ್ಲ. ಮೇಲಿನ ಸಾಲಿಗೆ ಹೋದೆವು. ಅಲ್ಲಿಂದ ಇಪ್ಪತ್ತೆರಡೂ ಜನ ಒಟ್ಟಿಗೆ ಕಂಡರು. ಚೆಂಡು ಬಲಕ್ಕೆ ಹೋದರೆ ಇಡೀ ತಂಡ ಒಂದೇ ಬಲೆಯನ್ನು ಎಳೆದಂತೆ ಬಲಕ್ಕೆ ಸರಿಯುತ್ತಿತ್ತು. ಅದನ್ನು ಎಷ್ಟು ಸಲ ಬೋರ್ಡಿನ ಮೇಲೆ ಬರೆದಿದ್ದೆನೋ, ಹುಡುಗರಿಗೆ ಅರ್ಥವಾದದ್ದು ಆ ಸಂಜೆ.

ಅದೇ ಕಂಠೀರವದಲ್ಲಿ 2023ರ ಮಾರ್ಚ್ 3ರಂದು ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್ ನಡುವೆ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ನಾಕೌಟ್ ಪಂದ್ಯ ನಡೆಯಿತು. 90 ನಿಮಿಷದಲ್ಲಿ ಗೋಲಿಲ್ಲ. ಹೆಚ್ಚುವರಿ ಅವಧಿಯಲ್ಲಿ, 96ನೇ ನಿಮಿಷಕ್ಕೆ ಬೆಂಗಳೂರಿಗೆ ಫ್ರೀ ಕಿಕ್, ಅಂದರೆ ಫೌಲ್‌ಗೆ ಪ್ರತಿಯಾಗಿ ಒದೆಯುವ ಅವಕಾಶ, ಸಿಕ್ಕಿತು. ಎದುರಾಳಿಗಳು ಇನ್ನೂ ಚೆಂಡಿಗೆ ಅಡ್ಡ ಸಾಲಾಗಿ ನಿಂತು ಗೋಡೆ ಕಟ್ಟುತ್ತಿರುವಾಗಲೇ ಸುನಿಲ್ ಚೆಟ್ರಿ ಚೆಂಡನ್ನು ಗೋಲಿಗೆ ಸೇರಿಸಿಬಿಟ್ಟರು. ರೆಫ್ರಿ ಗೋಲು ಕೊಟ್ಟರು, ಕೇರಳ ತಂಡ ಮೈದಾನ ಬಿಟ್ಟು ಹೊರನಡೆಯಿತು. ಆ ಜಗಳವನ್ನು ದೊಡ್ಡವರಿಗೆ ಬಿಡೋಣ. ನಿಮಗೆ ಬೇಕಾದದ್ದು ನಿಯಮ: ಎದುರಾಳಿಗಳು ಚೆಂಡಿನಿಂದ 9.15 ಮೀಟರ್ ದೂರ ನಿಲ್ಲಲಿ ಎಂದು ಒದೆಯುವ ತಂಡ ಕೇಳದಿದ್ದರೆ ಸೀಟಿಗಾಗಿ ಕಾಯಬೇಕಾಗಿಲ್ಲ. ನಾಳೆ ಯಾರ ಮೇಲೆ ಫೌಲ್ ಆದರೂ ಚೆಂಡಿಗೆ ಬೆನ್ನು ತಿರುಗಿಸಬೇಡಿ.

ನನಗೆ ಇನ್ನೂ ಹತ್ತಿರದ ಪಂದ್ಯ ಒಂದಿದೆ, ನಿಮ್ಮಂಥ ಹುಡುಗರದೇ. 2017ರ ಅಕ್ಟೋಬರ್ 9, ದೆಹಲಿ, 17 ವರ್ಷದೊಳಗಿನವರ ವಿಶ್ವಕಪ್. ಎದುರಿಗೆ ಕೊಲಂಬಿಯಾ, ನಾವು ಒಂದು ಗೋಲು ಹಿಂದೆ. 82ನೇ ನಿಮಿಷದಲ್ಲಿ ನಮ್ಮ ಬೆಂಗಳೂರಿನ ಹುಡುಗ ಸಂಜೀವ್ ಸ್ಟಾಲಿನ್ ಅಂಗಳದ ಮೂಲೆಯಿಂದ ಕಾರ್ನರ್ ಒದ್ದ, ಮಣಿಪುರದ ಜೀಕ್ಸನ್ ಸಿಂಗ್ ತಲೆಯಿಂದ ಗೋಲು ಹೊಡೆದ. ಫಿಫಾ ವಿಶ್ವಕಪ್‌ನಲ್ಲಿ ಭಾರತದ ಮೊಟ್ಟಮೊದಲ ಗೋಲು! ನಾನು ಮನೆಯಲ್ಲಿ ಒಬ್ಬನೇ ಎದ್ದು ನಿಂತು ಕೂಗಿದೆ. ಕೂಗು ಮುಗಿಯುವಷ್ಟರಲ್ಲಿ, ಮರುನಿಮಿಷದಲ್ಲೇ, ಕೊಲಂಬಿಯಾ ಮತ್ತೆ ಗೋಲು ಹೊಡೆಯಿತು. 2-1ರಿಂದ ಸೋತೆವು. ಸಿಕ್ಕರೆ ಆ ಎರಡು ನಿಮಿಷವನ್ನು ಹತ್ತು ಸಲ ನೋಡಿ. ಗೋಲಿನ ಸಂಭ್ರಮ ಮುಗಿದ ಮೇಲೆ ನಮ್ಮವರು ತಮ್ಮ ತಮ್ಮ ಜಾಗಕ್ಕೆ ಹೇಗೆ ಮರಳಿದರು, ಚೆಂಡು ನಡುಗೆರೆಯಿಂದ ಹೊರಟಾಗ ಯಾರು ಯಾರನ್ನು ಕಾಯುತ್ತಿದ್ದರು ಎಂದು ಹುಡುಕಿ. ನೋವಾಗುತ್ತದೆ, ನನಗೆ ಇವತ್ತಿಗೂ ಆಗುತ್ತದೆ. ಆದರೂ ನೋಡಿ.

ನಾಳೆ ನೀವು ಆಡುವುದು ಏಳು ಜನರ ಆಟ, ಚಿಕ್ಕ ಅಂಗಳ. ಬೆಲ್ಲಕ್ಕೆ ಇರುವೆ ಮುತ್ತಿದಂತೆ ಎಲ್ಲರೂ ಚೆಂಡಿಗೆ ಮುತ್ತಬೇಡಿ. ನಿಮ್ಮ ಪಂದ್ಯ ಮುಗಿದ ಮೇಲೆ ನೆರಳಿಗೆ ಹೋಗಿ, ನೀರು ಕುಡಿಯಿರಿ, ಮುಂದಿನ ಎದುರಾಳಿಯ ಆಟ ನೋಡಿ.

ಪಾಲಕರಲ್ಲಿ ಒಂದೇ ವಿನಂತಿ. ಗೆರೆಯಾಚೆಯಿಂದ ‘ಹೊಡೆ, ಹೊಡೆ’ ಎಂದು ಕೂಗಬೇಡಿ. ಮಗು ಕತ್ತೆತ್ತಿ ಸುತ್ತ ನೋಡಬೇಕಾದ ಗಳಿಗೆಯಲ್ಲೇ ಅದು ನಿಮ್ಮ ಮುಖ ನೋಡುತ್ತದೆ. ಇಲ್ಲಿಂದ ಸುಮಾರು 30 ಕಿಲೋಮೀಟರ್ ದೂರದ ತೋರಣಗಲ್ಲಿನ ಬಳಿ ಒಳ್ಳೆಯ ಕ್ರೀಡಾ ತರಬೇತಿ ಕೇಂದ್ರವಿದೆ, ಬೆಂಗಳೂರು ಎಫ್‌ಸಿ ತಂಡವೇ ಅಲ್ಲಿ ಅಭ್ಯಾಸ ನಡೆಸಿದೆ. ಆದರೆ ಎಲ್ಲ ಮಕ್ಕಳಿಗೂ ಅಲ್ಲಿ ಜಾಗ ಸಿಗದು. ಮನೆಯಲ್ಲಿ ಮಗುವಿನ ಪಕ್ಕ ಕುಳಿತು ಒಂದು ಪಂದ್ಯವನ್ನು ಪೂರ್ತಿ ನೋಡುವುದು ಪ್ರತಿಯೊಬ್ಬರಿಗೂ ಸಾಧ್ಯ.

ನಮ್ಮ ಲೆಫ್ಟ್ ಬ್ಯಾಕ್ ಮೊನ್ನೆ ಒಂದು ಪಂದ್ಯವನ್ನು ಕೊನೆಯ ಸೀಟಿಯವರೆಗೂ ನೋಡಿ ಬಂದಿದ್ದಾನೆ. ‘ಸರ್, ಚೆಂಡು ಬಲಗಡೆ ಇದ್ದಾಗ ಎಡಗಡೆಯವನು ತನ್ನ ಆಟಗಾರನನ್ನು ಬಿಟ್ಟು ನಡುವಿಗೆ ಬರುತ್ತಾನೆ, ಯಾಕೆ?’ ಎಂದು ಕೇಳಿದ. ಉತ್ತರ ಹೇಳಲಿಲ್ಲ. ಬೆಳಿಗ್ಗೆ ಆರಕ್ಕೆ ಮೈದಾನಕ್ಕೆ ಬಾ, ನಿಂತು ನೋಡೋಣ ಎಂದಿದ್ದೇನೆ. ನೀವೂ ಬನ್ನಿ.